ಚೆಲುವಿಯ ಎಡ ಹಿಂಗಾಲು

"ನೀನಿರೋ ತನಕ ಲಾಯ ನಿಂದೇ ಮಾರಾಯ" ಎಂದಿದ್ದ ಧಣಿ ಮಂಜಯ್ಯನವರೇ ಹದಿನೆಂಟು ವರ್ಷದ ಮೇಲೆ ಚಿಕ್ಕಯ್ಯನ ಕೈಯಿಂದ ಕಡಿವಾಣ ಕಿತ್ತು ಲಿಂಗಪ್ಪನಿಗೆ ಕೊಟ್ಟರು. ಕುದುರೆಯ ಹತ್ತಿರ ಹೇಗೆ ನಿಲ್ಲಬೇಕೆಂದು ಲಿಂಗಪ್ಪನಿಗೆ ಕಲಿಸಿದವನೇ ಚಿಕ್ಕಯ್ಯ. ಈಗ ಶಿಷ್ಯನಿಗೆ ಲಾಯ, ಗುರುವಿಗೆ ಹುಲ್ಲು ಕೊಯ್ಯುವ ಕೆಲಸ. ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಉಣ್ಣಿಸಿದವರೇ ಎರಡು ಬಗೆದರೆ? ಚಿಕ್ಕಯ್ಯನಿಗೆ ಹೊಟ್ಟೆ ಉರಿದುಹೋಯಿತು.

ಪೇಟೆಗೆ ಮೋಟಾರು ಬಂದಿದ್ದರೂ ಕೊಟ್ಟಿಗೆಹಾರದ ಆಚೆಗಿನ ಆ ಎಸ್ಟೇಟಿನ ದಾರಿಗೆ ಕುದುರೆಯೇ ಗತಿ. ಧಣಿಯವರಿಗೆ ಚೆಲುವಿ ಎಂಬ ಹೆಣ್ಣು ಕುದುರೆಯೆಂದರೆ ಪ್ರಾಣ. ಅದು ಕುಂಟಿದರೆ ಆ ದಿನವೇ ಲಿಂಗಪ್ಪ ಲಾಯದಿಂದ ಹೊರಗೆ ಎಂದು ಚಿಕ್ಕಯ್ಯ ಲೆಕ್ಕ ಹಾಕಿದ. ಮತ್ತೆ ತನ್ನನ್ನೇ ಕರೆಯದೆ ವಿಧಿಯಿಲ್ಲ. ಕುಂಟಿಸಲು ಹೊಡೆಯಬೇಕಿಲ್ಲ, ವಿಷ ಹಾಕಬೇಕಿಲ್ಲ. ಮಳೆಗಾಲದಲ್ಲಿ ಗೊರಸಿನಡಿಯ ಸೀಳಿನಲ್ಲಿ ಒದ್ದೆ ಲದ್ದಿ ಕೂತರೆ ಸಾಕು. ಮೊದಲು ನಾತ, ಆಮೇಲೆ ಕಪ್ಪು ರಸಿಗೆ, ಕೊನೆಗೆ ಕುಂಟು. ದಿನಾ ಕೆರೆದು, ಒರೆಸಿ, ಒಣ ತರಗಿನ ಮೇಲೆ ನಿಲ್ಲಿಸಿದರೆ ಆ ರೋಗ ಹತ್ತಿರ ಸುಳಿಯದು. ಹದಿನೆಂಟು ಮಳೆಗಾಲ ಅದನ್ನು ತಡೆದವನಿಗೆ ತರಿಸುವುದು ಎಷ್ಟರ ಕೆಲಸ?

ಮಧ್ಯಾಹ್ನ ಲಿಂಗಪ್ಪ ಊಟಕ್ಕೆ ಹೋದಾಗ ಹುಲ್ಲಿನ ಹೊರೆ ಇಳಿಸುವ ನೆಪದಲ್ಲಿ ಚಿಕ್ಕಯ್ಯ ಲಾಯಕ್ಕೆ ಬರುತ್ತಿದ್ದ. ಎಡ ಹಿಂಗಾಲು ಎತ್ತಿ, ಸೀಳಿಗೆ ಲದ್ದಿ ಒತ್ತಿ ತುಂಬುತ್ತಿದ್ದ. ಸೋಮಾರಿ ಲಿಂಗಪ್ಪ ಕಾಲೆತ್ತಿ ನೋಡುವವನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಹಳೆ ಅಭ್ಯಾಸದಂತೆ ಚೆಲುವಿ ಮಿಕ್ಕ ಕಾಲುಗಳನ್ನೂ ಒಂದೊಂದಾಗಿ ಎತ್ತಿ ಕೊಡುತ್ತಿತ್ತು. ಪಾಪ, ಅದು ಅವನಿಗೇನು ಮೋಸ ಮಾಡಿತ್ತು? ಅವನ್ನು ಕೆರೆದು, ಒರೆಸಿ, ಸೊಂಟದ ಸೀಸೆಯಿಂದ ಹೊಂಗೆ ಎಣ್ಣೆ ಸವರದೆ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ಹೇಗೂ ಕುಂಟಲು ಒಂದು ಕಾಲು ಸಾಕು.

ಇಪ್ಪತ್ತನೇ ದಿನ ಚೆಲುವಿ ನಡುದಾರಿಯಲ್ಲಿ ಕುಂಟಿತು. ಧಣಿ ಅದನ್ನು ನಡೆಸಿಕೊಂಡೇ ಬಂದರು. ಕಾಲೆತ್ತಿ ನೋಡಿ ಮೂಗು ಮುಚ್ಚಿಕೊಂಡರು. ಲಿಂಗಪ್ಪ ಕೈ ಮುಗಿದ.

"ತಪ್ಪಾತು ಅಯ್ಯಾ. ಒದೀತದೆ ಅಂತ ಒಂದಿನಾನೂ ಕಾಲು ಮುಟ್ಟಿಲ್ಲ. ಒಂದು ಕಾಲೂ ಮುಟ್ಟಿಲ್ಲ."

"ಆಗದಿದ್ರೆ ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಾರಾಯ" ಎಂದ ಹುಲ್ಲಿನ ಹೊರೆ ಇಳಿಸಿ ಹತ್ತಿರ ಬಂದ ಚಿಕ್ಕಯ್ಯ, ಬಲು ಮರುಕದಿಂದ.

"ನಿನ್ನ ಬಿಡಿಸಿದ್ದು ನಂದೇ ತಪ್ಪು ಚಿಕ್ಕಯ್ಯ" ಎಂದರು ಧಣಿ. "ನಾಳೆಯಿಂದ ಲಾಯ ನಿಂದೇ."

ಚಿಕ್ಕಯ್ಯನ ಕಣ್ಣು ತುಂಬಿ ಬಂತು. ಆ ಕಣ್ಣೀರು ಮಾತ್ರ ನಾಟಕವಲ್ಲ.

"ಉಳಿದ ಕಾಲು ಎಷ್ಟು ಕೆಟ್ಟಿದಾವೋ ನೋಡಾಣ" ಎನ್ನುತ್ತಾ ಮಂಜಯ್ಯನವರು ಬಗ್ಗಿ ಒಂದನ್ನೆತ್ತಿದರು. ಆಮೇಲೆ ಇನ್ನೊಂದು, ಮತ್ತೊಂದು. ಮೂರೂ ಒಣಗಿ, ಚೊಕ್ಕಟವಾಗಿ, ಹೊಂಗೆ ಎಣ್ಣೆಯಲ್ಲಿ ಮಿನುಗುತ್ತಿದ್ದವು. ಆ ಲಾಯದಲ್ಲಿ ಗೊರಸಿಗೆ ಹೊಂಗೆ ಎಣ್ಣೆ ಹಚ್ಚುವ ಮನುಷ್ಯ ಒಬ್ಬನೇ. ಧಣಿ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಬೆರಳನ್ನು ಮೂಸಿ, ಚಿಕ್ಕಯ್ಯನ ಸೊಂಟದ ಸೀಸೆಯನ್ನೇ ನೋಡಿದರು. "ಮೂರು ಕಾಲು ಇಷ್ಟು ಚಂದ ನೋಡ್ಕಂಡೋನಿಗೆ ನಾಲ್ಕನೇದು ಕಾಣ್ಲಿಲ್ವಾ ಚಿಕ್ಕಯ್ಯ?"