ಕ್ಯಾಂಡಲ್ ಲೈಟಿನಲ್ಲಿ ಒಂದು ತುತ್ತು

ತ್ರಿಶಲಾ ಡಯಟ್ ಮಾಡುತ್ತಾಳೆ ಎಂದೇ ಸುಜಯ ಎರಡು ವರ್ಷ ನಂಬಿದ್ದ. ರಿಸಾರ್ಟುಗಳ ರಾತ್ರಿ ಬಫೆಯಲ್ಲಿ ಅವನು ತಟ್ಟೆ ತುಂಬಿಸಿಕೊಂಡು ಬಂದರೆ, ಅವಳು ಗಲ್ಲಕ್ಕೆ ಕೈಯಿಟ್ಟು ಅವನು ಉಣ್ಣುವುದನ್ನು ನೋಡುತ್ತ ಕೂರುತ್ತಿದ್ದಳು.

"ಹಿಂಗಽ ತಿನ್ನು. ನಾಳೆ ಇಡೀ ಫ್ರೇಮ್ ನೀನಽ ತುಂಬ್ತಿ."

"ನಾ ಎಲ್ಲಿ ಫ್ರೇಮ್‌ನಾಗ ಇರ್ತೀನಿ? ಇರಾಕಿ ನೀನು."

ಅವಳ ಪೇಜಿಗೆ ಎರಡು ಲಕ್ಷ ಫಾಲೋವರ್ಸ್. ಮುಖ ಬೆಳಗಾವಿಯ ಜೈನರ ಮನೆಯ ಅವಳದು; ಕ್ಯಾಮೆರಾ, ಎಡಿಟಿಂಗ್ ಕಾಕತಿಯ ಕುರುಬರ ಮನೆಯ ಇವನದು. ದೊಡ್ಡ ಹೋಟೆಲುಗಳು ಬಿಟ್ಟಿ ರೂಮು ಕೊಡುತ್ತಿದ್ದವು, ಇವರು ಹೊಗಳುತ್ತಿದ್ದರು. ಸ್ವಂತ ದುಡ್ಡಿನಲ್ಲಾದರೆ ಅಲ್ಲಿ ಒಂದು ಚಹಾ ಕುಡಿಯುವ ತಾಕತ್ತು ಇಬ್ಬರಿಗೂ ಇರಲಿಲ್ಲ.

ಅವಳ ಮೇಲೆ ಅವನಿಗೆ ಮನಸ್ಸಿತ್ತು. ಹೇಳಿರಲಿಲ್ಲ. ಲೆನ್ಸಿನ ಹಿಂದಿನಿಂದ ದಿಟ್ಟಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲವಲ್ಲ. ಹೊತ್ತು ಇಳಿಯುವಾಗಿನ ಹಳದಿ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದರೆ ಅವನು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆಯುತ್ತಿದ್ದ. ಹಾಗಾಗಿ ಶೂಟಿಂಗ್ ಯಾವಾಗಲೂ ಆ ಹೊತ್ತಿಗೇ. "ಗೋಲ್ಡನ್ ಅವರ್ ತಪ್ಪಿದ್ರ ಮುಗೀತು" ಎನ್ನುತ್ತಿದ್ದ. ಅವಳು ಬಂದು ನಿಲ್ಲುತ್ತಿದ್ದಳು.

ಖಾನಾಪುರ ದಾಟಿ, ಲೋಂಡಾ ಕಾಡಿನ ಹೊಸ ರಿಸಾರ್ಟಿನಲ್ಲಿ ನಿಜ ಹೊರಬಿತ್ತು. ಕ್ಯಾಂಡಲ್ ಲೈಟ್ ಡಿನ್ನರ್ ರೀಲ್ ಆಗಬೇಕಿತ್ತು. ತ್ರಿಶಲಾ ಚಮಚವನ್ನು ತುಟಿಯ ತನಕ ತಂದು ಇಳಿಸುತ್ತಿದ್ದಳು. ಟೇಕ್ ಮೇಲೆ ಟೇಕ್.

"ತಿನ್ರಿ ಮೇಡಮ್," ಎಂದ ಮ್ಯಾನೇಜರ್. "ಗೋವಾದಾಗಿನ ನಮ್ಮ ರಿಸಾರ್ಟಿಗೂ ನಿಮ್ಮನ್ನಽ ಕರೀಬೇಕಂತ ಮಾಡೇವಿ."

ಅವಳು ಸುಜಯನನ್ನು ಬದಿಗೆ ಕರೆದಳು. "ಹೊತ್ತು ಮುಳುಗಿದ ಮ್ಯಾಲ ನಾ ಉಣ್ಣಂಗಿಲ್ಲೋ. ಹೈಸ್ಕೂಲಿನ್ಯಾಗಿದ್ದಾಗ ಆಯಿ ಜೋಡಿ ನೇಮ ಹಿಡದೀನಿ."

"ಮತ್ತ ಡಯಟ್ ಅಂತಿದ್ದಿ?"

"ಡಯಟ್ ಅಂದ್ರ ಯಾರೂ ನಗಂಗಿಲ್ಲ. ನೇಮ ಅಂದ್ರ ಮುದುಕಿ ಅಂತಾರ."

ಅವನ ಕಣ್ಣಿಗೆ ಗೋವಾ ಕಾಣುತ್ತಿತ್ತು. "ಒಂದಽ ತುತ್ತು. ಯಾರಿಗೆ ಗೊತ್ತಾಗ್ತೈತಿ?"

"ಎರಡು ಲಕ್ಷ ಮಂದಿಗೆ."

"ನನ್ನ ಸಲುವಾಗಿ, ತ್ರಿಶಲಾ."

ತನಗಾಗಿ ಅವನು ಅವಳಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಹೋಗಿ ಕೂತಳು, ತಿಂದಳು, ನಕ್ಕಳು. ಟೇಕ್ ಓಕೆ ಆಯಿತು.

ಎಡಿಟ್ ಮಾಡುವಾಗ ಸ್ಲೋ ಮೋಷನ್ನಿನಲ್ಲಿ ನೋಡಿದ. ತುಟಿ ನಗುತ್ತಿತ್ತು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಣ್ಣು ಕ್ಯಾಮೆರಾವನ್ನು ಬಿಟ್ಟು ಅದರ ಹಿಂದಿದ್ದ ಅವನನ್ನು ನೋಡುತ್ತಿತ್ತು. ಆಗ ಹೊಳೆಯಿತು: ಅವಳು ಉಣ್ಣಬೇಕಾದ ಹೊತ್ತಿಗೇ ಅವನು ಅವಳನ್ನು ಬೆಳಕಿಗೆ ನಿಲ್ಲಿಸುತ್ತ ಬಂದಿದ್ದ. ಶೂಟಿಂಗಿನ ಪ್ರತಿ ರಾತ್ರಿ ಅವಳು ಹಸಿದು ಮಲಗಿದ್ದಳು. ಅವನು ಅವಳೆದುರೇ ಮತ್ತೆ ಮತ್ತೆ ಬಡಿಸಿಕೊಂಡು ಉಂಡಿದ್ದ.

ಇಷ್ಟು ತಿಳಿದ ಮೇಲೂ ರೀಲ್ ಹಾಕಿದ.

"ಎಷ್ಟ ಚಂದ ತಿಂತಾರ!" ಎಂದು ಯಾರೋ ಕಮೆಂಟ್ ಬರೆದಿದ್ದರು. ಅದನ್ನು ಓದಿ ಅವನಿಗೆ ತನ್ನ ಕೈಯ ಮೇಲೆಯೇ ಹೇಸಿಗೆಯಾಯಿತು. ತ್ರಿಶಲಾ ಫೋನ್ ಎತ್ತುವುದನ್ನು ಬಿಟ್ಟಿದ್ದಳು. ಕೊನೆಗೆ ರೀಲ್ ತೆಗೆದುಹಾಕಿದ. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದ, ಗೋವಾ ಕೈತಪ್ಪಿತು. ಸುಜಯ ಬೈಕ್ ಹತ್ತಿ ಬೆಳಗಾವಿಯ ಶಹಾಪುರದಲ್ಲಿದ್ದ ಅವಳ ಮನೆಗೆ ಹೋದ.

ಬಾಗಿಲು ತೆರೆದವಳು ಅವಳ ಆಯಿ, ಅಜ್ಜಿ ರಾಜಮತಿ.

"ಯಾರಪಾ?"

"ಸುಜಯ ರೀ, ಆಯಿ. ವಿಡಿಯೋ ಮಾಡಂವ."

"ಬಾಜು ಮನಿ ಮೇಘಾ ತೋರ್ಸಿದ್ಲು. ಅದರಾಗ ನೀ ಕಾಣಲೇ ಇಲ್ಲಲ್ಲ?"

"ನಾ ಹಿಂದ ಇರ್ತೀನ್ರಿ."

"ಹಿಂದ ನಿಂತು ತಿನ್ನಾಕ ಹಚ್ಚಿದಂವ ನೀನಽ ಏನು? ಆಕಿ ನೋಡಿದ್ರ, ನಾನಽ ಹಸದು ತಿಂದೆ ಅಂತಾಳ. ಯಾರದು ಖರೇ?"

ಅವನಿಗೆ ತಲೆ ಎತ್ತಲಾಗಲಿಲ್ಲ. "ನಾನಽ ಹಚ್ಚಿದ್ದು ರೀ."

ಆಯಿ ಬಾಗಿಲು ಬಿಟ್ಟು ಒಳಗೆ ಸರಿದಳು. ಅಡುಗೆಮನೆಯ ಬಾಗಿಲಲ್ಲಿ ತ್ರಿಶಲಾ ನಿಂತಿದ್ದಳು. "ಗೋವಾ ಹೋತಂತ? ಅಳಾಕ ಬಂದಿ ಏನು?"

"ನಿನ್ನ ಮ್ಯಾಲ ಮನಸೈತಿ ಅಂತ ಹೇಳಾಕ ಎಂದೋ ಬರಬೇಕಿತ್ತು. ಈಗ ನಾಚಿಕಿ ಆಗ್ತೈತಿ. ತಿನ್ನು ಅಂದ ಬಾಯಿಲೆ ಅದನ್ನ ಹೆಂಗ ಹೇಳ್ಲಿ?"

"ಹೇಳೇಬಿಟ್ಟೆಲ್ಲ." ಅವಳ ತುಟಿಯ ಅಂಚು ಅಲುಗಿತು, ನಗುವಾಗಲಿಲ್ಲ. "ತಿಂದಾಕಿ ನಾನು, ಬಾಯಿ ನಂದು. ಆದ್ರ ಕೇಳಿದಂವ ನೀನು. ಬ್ಯಾರೆ ಯಾರ ಕೇಳಿದ್ರೂ ತಿಂತಿರಲಿಲ್ಲ, ಅದಽ ಸಂಕಟ. ಮರಿಯಾಕ ಟೈಮ್ ಬೇಕು."

"ಎಷ್ಟ?"

"ಅದೇನು ನಿನ್ನ ಗೋಲ್ಡನ್ ಅವರ್ ಏನು, ಗಡಿಯಾರ ನೋಡಿ ಹೇಳಾಕ?"

"ಮಾತು ಆಮ್ಯಾಲ," ಎಂದು ಆಯಿ ಒಳಗಿನಿಂದ ಕೂಗಿದಳು. "ಹೊತ್ತು ಮುಳುಗಾಕ ಬಂತು. ಇಬ್ಬರೂ ಕುಂದರ್ರಿ."

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಕಿಟಕಿಯಿಂದ ಬಂದ ಹಳದಿ ಬೆಳಕು ತಟ್ಟೆಯ ಅಂಚನ್ನು ದಾಟಿ ಅವಳ ಕೆನ್ನೆ ಮುಟ್ಟಿತು. ಅವಳು ರೊಟ್ಟಿ ಮುರಿಯುತ್ತ, ಅವನ ಜೇಬಿನಲ್ಲಿದ್ದ ಫೋನಿನ ಕಡೆ ಓರೆಯಾಗಿ ನೋಡಿದಳು.

"ಬೆಳಕು ಚಲೋ ಐತಿ. ತಗೀಯಂಗಿಲ್ಲೇನು?"

"ಮೊದಲ ಉಣ್ಣು," ಎಂದ ಸುಜಯ.

ಅವಳು ಮೊದಲ ತುತ್ತು ನುಂಗುವ ತನಕ ಅವನು ತನ್ನ ರೊಟ್ಟಿ ಮುಟ್ಟಲಿಲ್ಲ.