ದೇವೀರಮ್ಮನ ಕುರ್ಚಿ

"ಭಾಳ ಬೆರಕಿ ಅದಾಳ್ರಿ ಈಕಿ... ನಿಮ್ಮಂಗ."

ಅಷ್ಟು ಹೇಳಿ ಅವನು ನಕ್ಕ.

ಪ್ರಿಯದರ್ಶಿನಿಯ ಕೈಯಲ್ಲಿದ್ದ ಸ್ಕೆಚ್ ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. ಊರಿದ ಜಾಗದಲ್ಲಿ ಕೆಂಪು ಚುಕ್ಕೆಯೊಂದು ಮೂಡಿ, ನಿಧಾನವಾಗಿ ಹರಡಿಕೊಂಡಿತು.

ಬೆರಕೆ...

ಮನೆಯನ್ನು ಮನಿ ಅನ್ನುವ, ಆಕೆಯನ್ನು ಆಕಿ ಅನ್ನುವ ಸೀಮೆಯವನು. ಬೆರಕೆಯನ್ನು ಬೆರಕಿ ಅಂದಿದ್ದಾನೆ, ಇನ್ನೇನು? ನಿಮ್ಮ ಹಾಗೆ ಅಂತಲೂ ಸೇರಿಸಿದ್ದಾನೆ. ಇವನಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು?

ಕೃಷ್ಣರಾಜಪುರದ ಮಾರ್ಕೆಟ್ಟಿನ ಹಿಂದೆ ಒಂದು ಬೇಕರಿಯ ಮೇಲಿನ ಕೋಣೆ ಅದು. ಓದು ಅರ್ಧಕ್ಕೆ ಬಿಟ್ಟು ದುಡಿಮೆಗೆ ಬಿದ್ದವರು ಪಿಯುಸಿ ಪರೀಕ್ಷೆ ಕಟ್ಟಲು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಶಿವಾಜಿನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಪ್ರಿಯದರ್ಶಿನಿ, ಅದೇ ಅಂಗಡಿಯ ಗೆಳತಿ ಶಿರೀನ್, ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವ ಯಂಕಮ್ಮ, ಆಟೋ ಓಡಿಸುವ ಮುನಿಶಾಮಿ, ಹೀಗೆ. ಸುರಪುರದ ಕಡೆಯ ಈ ಭೀಮಾಶಂಕರ ಆವತ್ತು ಹೊಸಬ. ಹೊರಮಾವಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ರಿಪೇರಿ ಅವನ ಕೆಲಸ.

ಪಾಠ ಕಾದಂಬರಿಯದು. ಸುಕನ್ಯ ಮೇಡಂ ಸುಮ್ಮನೆ ನೋಟ್ಸು ಬರೆಸುವವರಲ್ಲ. ಇಬ್ಬಿಬ್ಬರನ್ನು ಜೊತೆ ಮಾಡಿ, ದೊಡ್ಡ ಹಾಳೆಯ ಮೇಲೆ ಹೆಣ್ಣಿನ ಆಕಾರ ಬರೆಸಿದ್ದರು. ಕಾದಂಬರಿಯ ದೇವೀರಮ್ಮ ಏನು ಅಂದುಕೊಳ್ಳುತ್ತಾಳೋ ಅದನ್ನು ಗೆರೆಯ ಒಳಗೆ ಬರೆಯಬೇಕು, ಊರು ಅವಳನ್ನು ಏನನ್ನುತ್ತದೋ ಅದನ್ನು ಹೊರಗೆ.

ಕಥೆ ಸಣ್ಣದು. ಗಂಡನ ಮನೆಯ ಹೊಡೆತ ತಾಳಲಾರದೆ ದೇವೀರಮ್ಮ ಹೊಳೆ ದಾಟುತ್ತಾಳೆ. ಪಂಚಮಿಗೆ ತವರಿಗೆ ಹೊರಟೆ ಅಂತ ದೋಣಿಯವನಿಗೆ ಸುಳ್ಳು ಹೇಳಿ ಹೋದವಳು ತಿರುಗಿ ಬರುವುದೇ ಇಲ್ಲ. ಅವಳನ್ನು ದಾಟಿಸಿದ ತಪ್ಪಿಗೆ ಗಂಡನ ಕಡೆಯವರು ದೋಣಿಯವನನ್ನು ಹಿಡಿದು ಬಡಿಯುತ್ತಾರೆ.

ಗೆರೆಯ ಒಳಗೆ ಏನು ಬರೆಯೋಣ ಎಂದು ಅವಳು ಕೇಳಿದ್ದಕ್ಕೇ ಅವನು ಆ ಮಾತು ಅಂದಿದ್ದು.

ಆಮೇಲೆ ಅವನು ಏನೇನೋ ಹೇಳಿದ. ಅವಳ ಕಿವಿಗೆ ಒಂದೂ ಬೀಳಲಿಲ್ಲ.

*

ಪ್ರಿಯದರ್ಶಿನಿಯ ಅಪ್ಪ ಅಂಜನಮೂರ್ತಿಯವರ ಮನೆಯಲ್ಲಿ ಗೋಡೆಗೆ ಬುದ್ಧನ ಪಟ. ಅವರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಅಮ್ಮ ವೆಂಕಟಮ್ಮ ಅದೇ ಊರಿನ ಒಳಗಿನವರು, ಜಮೀನುದಾರರ ಮನೆಯ ಮಗಳು. ಇಬ್ಬರೂ ಮೆಚ್ಚಿ ಮದುವೆಯಾಗಿ ಹಲಸೂರಿಗೆ ಬಂದುಬಿಟ್ಟಿದ್ದರು.

ಮಗಳು ಇನ್ನೂ ಸಣ್ಣವಳಿದ್ದಾಗ ಅಮ್ಮನ ಅಣ್ಣತಮ್ಮಂದಿರು ಹುಡುಕಿಕೊಂಡು ಬಂದರು. ಬಾಗಿಲು ಮುರಿಯಿತು, ಅಪ್ಪನ ಬಲಗೈ ಮುರಿಯಿತು. ಮಂಚದ ಕೆಳಗೆ ಅಡಗಿದ್ದ ಮಗುವಿಗೆ ಕಂಡಿದ್ದು ಬರೀ ಕಾಲುಗಳು. ಅಪ್ಪನ ಕೈ ಇವತ್ತಿಗೂ ನೆಟ್ಟಗಾಗಿಲ್ಲ, ಅನ್ನ ಕಲಸುವಾಗ ನಡುಗುತ್ತದೆ.

ಆಮೇಲೆ ಒಂದೇ ಕಡೆ ನಿಂತಿದ್ದಿಲ್ಲ. ವಿಮಾನಪುರ ಆಯಿತು, ರಾಮಮೂರ್ತಿನಗರ ಆಯಿತು, ಈಗ ಹೊರಮಾವು. ಮನೆ ಬದಲಾದ ಹಾಗೆಲ್ಲ ಶಾಲೆ ಬದಲಾಗಿ, ಕೊನೆಗೆ ಓದೇ ನಿಂತುಹೋಯಿತು. ಆದರೆ ಆ ಒಂದು ಮಾತು ಮಾತ್ರ ಎಲ್ಲಿಗೆ ಹೋದರೂ ಬೆನ್ನು ಬಿಡಲಿಲ್ಲ. ಹೇಗೋ ಗೊತ್ತಾಗುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಬೆರಕೆ ಸಂತಾನ ಅನ್ನುತ್ತಿದ್ದರು. ಶಾಲೆಯಲ್ಲಿ ಹುಡುಗರು "ಬೆರಕೆ ಸೊಪ್ಪು, ಬೆರಕೆ ಸೊಪ್ಪು" ಎಂದು ಕೂಗುತ್ತಿದ್ದರು. ಅಮ್ಮ ಆ ಸೊಪ್ಪಿನ ಸಾರು ಮಾಡುವುದನ್ನೇ ಬಿಟ್ಟುಬಿಟ್ಟರು.

ಕಳೆದ ತಿಂಗಳು ಚಿಕ್ಕ ಮಾವ ಯಾರ ಹತ್ತಿರವೋ ಹೇಳಿ ಕಳಿಸಿದ್ದ. ಮಗಳು ಮದುವೆ ವಯಸ್ಸಿಗೆ ಬಂದಿದ್ದಾಳಂತೆ, ಅವಳೂ ಅಮ್ಮನ ದಾರಿ ಹಿಡಿದರೆ ಈ ಸಲ ಬರೀ ಕೈ ಮುರಿಯೋದಿಲ್ಲ ಎಂದು. ಹಲಸೂರಿನ ಹಳೇ ಮನೆಯ ಹತ್ತಿರ ಯಾರೋ ಬಂದು ಇವರ ವಿಳಾಸ ವಿಚಾರಿಸಿಯೂ ಹೋಗಿದ್ದರು.

ಆಗ ಈ ಹೊಸ ಮನುಷ್ಯ ಕ್ಲಾಸಿಗೆ ಸೇರಿದ್ದಾನೆ. ಬಂದ ದಿನವೇ ಅವಳ ಮುಖ ನೋಡಿ ಆ ಮಾತು ಆಡಿದ್ದಾನೆ.

ಇವನನ್ನು ಅವರೇ ಕಳಿಸಿರಬಹುದಾ?

*

ಮುಂದಿನ ಭಾನುವಾರ ಅವಳು ಶಿರೀನ್ ಪಕ್ಕದಿಂದ ಅಲ್ಲಾಡಲಿಲ್ಲ. ಜೊತೆ ಬದಲಾಯಿಸಿ ಎಂದು ಮೇಡಂ ಹತ್ತಿರ ಕೇಳಿಕೊಂಡಳು. ಹಾಳೆ ಮುಗಿಯುವ ತನಕ ಬದಲಾವಣೆ ಇಲ್ಲ, ದೇವೀರಮ್ಮನನ್ನು ಅರ್ಧಕ್ಕೆ ಬಿಡಬಾರದು ಎಂದು ಅವರು ನಕ್ಕು ಕಳಿಸಿದರು.

"ಏನೇ ನಿಂದು ತಮಾಷಾ?" ಎಂದಳು ಶಿರೀನ್. "ಅವ್ನು ಪಾಪ, ಬಾಗ್ಲು ಕಡೆನೇ ನೋಡ್ಕೊಂಡು ಕೂತಿದ್ದ, ನೀನು ಬರೋ ತನ್ಕ. ನಂಗ್ಯಾರೂ ಹಿಂಗ್ ನೋಡಲ್ಲಪ್ಪ."

ಆ ಮಾತಿಗೆ ಅವಳ ಎದೆ ಎರಡು ಥರ ಹೊಡೆದುಕೊಂಡಿತು. ಅದರಲ್ಲಿ ಒಂದು ಹೆದರಿಕೆ. ಇನ್ನೊಂದು ಏನೆಂದು ಕೇಳಿಕೊಳ್ಳುವುದಕ್ಕೂ ಅವಳಿಗೆ ಹೆದರಿಕೆ.

ಭೀಮಾಶಂಕರ ಇನ್ನೇನೋ ತಿಳಿದುಕೊಂಡಿದ್ದ. ಕೆಲಸದ ಜಾಗಗಳಲ್ಲಿ ಅವನ ಮಾತನ್ನು ಅಣಕಿಸಿ ನಗುವವರು ಬಹಳ. ಈ ಹುಡುಗಿಗೂ ತನ್ನ ಮಾತು ಒರಟಾಗಿ ಕಂಡಿತೇನೋ ಎಂದು ಒಳಗೇ ಸಣ್ಣಗಾಗಿದ್ದ. ಅವಳ ಎದುರು ಕುಳಿತು, ಬಾಯಿ ತೆರೆಯದೆ, ಗೆರೆಯ ಹೊರಗಿನ ಮಾತುಗಳನ್ನೆಲ್ಲ ತಾನೊಬ್ಬನೇ ಬರೆದ. ಅವಳ ಕಡೆ ಪೆನ್ನು ಸರಿಸುವಾಗ ಬೆರಳು ತಾಗದ ಹಾಗೆ ನೋಡಿಕೊಂಡ.

ಅದನ್ನು ಅವಳು ಗಮನಿಸಿದಳು. ಕೆಟ್ಟವನು ಹೀಗಿರುತ್ತಾನಾ... ಎಂದುಕೊಂಡಳು. ಮರುಕ್ಷಣವೇ, ಹೀಗಿದ್ದರೇ ತಾನೆ ನಂಬಿಕೆ ಬರುವುದು ಎಂದೂ ಅಂದುಕೊಂಡಳು.

ಕ್ಲಾಸು ಬಿಟ್ಟಿತು. ಅವಳು ಹೊರಮಾವು ಸಿಗ್ನಲ್‌ನಲ್ಲಿ ಬಸ್ಸಿಳಿದು ರೈಲ್ವೆ ಅಂಡರ್‌ಪಾಸಿನ ಕಡೆ ನಡೆದಳು. ಭಾನುವಾರದ ಮಧ್ಯಾಹ್ನ, ರಸ್ತೆ ಬರಿದು. ಸೇತುವೆಯ ಕೆಳಗೆ ಬರುವಷ್ಟರಲ್ಲಿ ಹಿಂದೆ ಸಪ್ಪಳ ಕೇಳಿಸಿತು. ಬೂಟುಗಾಲಿನ ಸಪ್ಪಳ. ಅವಳು ಬೇಗ ನಡೆದರೆ ಅದೂ ಬೇಗ. ಮೇಲೆ ಗೂಡ್ಸು ರೈಲು ಬಂದು, ಕಿವಿಗಡಚಿಕ್ಕುವ ಗದ್ದಲದಲ್ಲಿ ಸಪ್ಪಳ ಮುಚ್ಚಿಹೋಯಿತು. ಎಷ್ಟು ಹತ್ತಿರ ಬಂದರೋ ಗೊತ್ತಾಗದ ಹಾಗಾಯಿತು.

ಅವಳಿಗೆ ಮತ್ತೆ ಆ ಮಂಚದ ಕೆಳಗೆ ಹೋದ ಹಾಗಾಯಿತು. ಓಡಬೇಕು, ಕಾಲು ಏಳುತ್ತಿಲ್ಲ... ಕೊನೆಗೆ ಓಡಲಾರದೇ ತಿರುಗಿ ನಿಂತಳು.

ಭೀಮಾಶಂಕರ! ಕೈಯಲ್ಲಿ ಸುತ್ತಿದ ಹಾಳೆ, ಮುಖದ ತುಂಬ ಬೆವರು.

"ನಮ್ಮ ಮಾವ ಕಳ್ಸಿದ್ರಾ ನಿಮ್ಮನ್ನ? ಮನೆ ತೋರಿಸ್ಬೇಕಾ ಅವ್ರಿಗೆ?"

ಅವನು ಬೆಪ್ಪಾಗಿ ನಿಂತ. "ಯಾವ ಮಾವ್ರಿ? ಇದರೊಳಗ ನಿಮ್ಮದು ಬರಿಯೂದು ಉಳದಿತ್ತು. ಮೇಡಮ್ಮೋರು ಮುಟ್ಟಿಸಂದ್ರು. ಕರದೆ, ನಿಮಗ ಕೇಳ್ಲಿಲ್ಲ..."

ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದುದು ಅವನಿಗೆ ಕಂಡಿತು. ಹಾಳೆಯನ್ನು ಪಕ್ಕದ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಇನ್ನು ಮುಂದೆ ಹಿಂಗ ಬರಂಗಿಲ್ರಿ ಎಂದು ಮೆಲ್ಲಗೆ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದ.

ಅವಳು ಹಾಳೆಯನ್ನು ಎತ್ತಿಕೊಂಡಳು. ಅವನು ಮಾವನ ಕಡೆಯವನಲ್ಲದಿದ್ದರೆ, ಮಾವ ಅನ್ನುವವನೊಬ್ಬ ಹುಡುಕುತ್ತಿದ್ದಾನೆಂದು ತಾನೇ ಬಾಯಿಬಿಟ್ಟಾಯಿತು. ಇಷ್ಟು ವರ್ಷ ಅಪ್ಪ ಅಮ್ಮ ಕಾಪಾಡಿಕೊಂಡು ಬಂದ ಗುಟ್ಟು...

*

ಮೂರನೆಯ ವಾರ ಸುಕನ್ಯ ಮೇಡಂ ಕೋಣೆಯ ನಡುವೆ ಒಂದು ಕುರ್ಚಿ ಇಟ್ಟರು. ಅದರಲ್ಲಿ ಕುಳಿತವರು ದೇವೀರಮ್ಮ. ಮಿಕ್ಕವರು ಏನು ಬೇಕಾದರೂ ಕೇಳಬಹುದು, ಕುಳಿತವರು ದೇವೀರಮ್ಮನಾಗಿಯೇ ಉತ್ತರ ಕೊಡಬೇಕು. ಚೀಟಿ ಎತ್ತಿದಾಗ ಪ್ರಿಯದರ್ಶಿನಿಯ ಹೆಸರೇ ಬಂತು.

ಬೇಡ ಅನ್ನಲು ಧೈರ್ಯವಾಗದೆ ಹೋಗಿ ಕುಳಿತಳು.

ಮೊದಮೊದಲು ಎಲ್ಲ ಹಗುರವಾಗಿಯೇ ನಡೆಯಿತು. ದೋಣಿಯವನಿಗೆ ಸುಳ್ಳು ಯಾಕೆ ಹೇಳಿದೆ ಎಂದು ಶಿರೀನ್ ಕೇಳಿದಳು. ನಿಜ ಹೇಳಿದ್ರೆ ಯಾರು ದಾಟಿಸ್ತಿದ್ರು ಎಂದು ಇವಳು ಅಂದಾಗ ಎಲ್ಲರೂ ನಕ್ಕರು.

ಆಗ ಮುನಿಶಾಮಿ ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಸರಿ ಕಣಮ್ಮ. ನೀನೇನೋ ದಾಟ್ಬಿಟ್ಟೆ. ಪಾಪ, ಆ ದೋಣಿಯವ್ನು ಒದೆ ತಿಂದ್ನಲ್ಲ, ಅವನ ಗತಿ?"

ಅವಳ ಕಣ್ಣ ಮುಂದೆ ಅನ್ನದ ತಟ್ಟೆಯ ಮೇಲೆ ನಡುಗುವ ಒಂದು ಕೈ ಬಂತು.

"ಅದಕ್ಕೇ..." ಎಂದಳು. ದನಿ ಒಡೆಯಿತು. "ಅದಕ್ಕೇ ನಾನು ಇನ್ಯಾವತ್ತೂ ಯಾರ ದೋಣೀನೂ ಹತ್ತಲ್ಲ. ನನ್ನ ಹತ್ರ ಬಂದೋರಿಗೆಲ್ಲ ಏಟು ಬೀಳುತ್ತೆ."

ಇದು ಕಾದಂಬರಿಯಲ್ಲಿ ಇಲ್ಲದ ಮಾತು. ಭೀಮಾಶಂಕರ ತಲೆಯೆತ್ತಿ ಅವಳನ್ನೇ ನೋಡಿದ.

ಯಂಕಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಅವಳ ಗಲ್ಲ ಸವರಿದಳು. "ಅಳಬ್ಯಾಡ ನನ ಕೂಸ. ಎಷ್ಟು ಬೆರಕಿ ಹೆಣ್ಮಗಳು ನೀನು..."

ಪ್ರಿಯದರ್ಶಿನಿ ಕುರ್ಚಿಯಿಂದ ಎದ್ದೇಬಿಟ್ಟಳು.

"ನೀವೂ ಹಾಗಂತೀರಾ ಯಂಕಮ್ಮ? ಮುಟ್ಟಿ ಮುದ್ದು ಮಾಡ್ಕೊಂಡೇ ಬೆರಕೆ ಅಂತೀರಾ?"

ಯಂಕಮ್ಮ ಕಂಗಾಲಾದಳು. ತಾನು ಆಡಿದ್ದರಲ್ಲಿ ತಪ್ಪೇನು ಎಂದು ಎಲ್ಲರ ಮುಖ ನೋಡಿದಳು. ಮೇಡಂ ಕೂಡ, ಬೆರಕಿ ಅಂದರೆ ನಿಮ್ಮ ಕಡೆ ಏನು ಯಂಕಮ್ಮ ಎಂದು ಕೇಳಿದರು.

"ಬೆರಕಿ ಅಂದ್ರ ಶಾಣ್ಯಾ ರೀ. ಚಾಲಾಕ. ನನ ಮೊಮ್ಮಗಳು ಫೋನಿನ್ಯಾಗ ಮಾತಾಡಿದ್ರ ಅದಕ್ಕೂ ಬೆರಕಿ ಅಂತೀನಿ ನಾ. ಇವರ ಕಡಿ ಬೈಗುಳೇನು ಅದು?"

ಶಾಣ್ಯಾ... ಚಾಲಾಕಿ... ಅಂದರೆ ಜಾಣೆ!

"ನಮ್ಕಡೆ ಬೆರಕೆ ಅಂದ್ರೆ ಸೊಪ್ಪು ಅಲ್ವಾ" ಎಂದು ಮುನಿಶಾಮಿ ನಗಲು ಹೋಗಿ, ಅವಳ ಮುಖ ನೋಡಿ ಸುಮ್ಮನಾದರು.

ಗೋಡೆಗೊರಗಿ ಕುಳಿತಿದ್ದ ಭೀಮಾಶಂಕರನಿಗೆ ಆಗ ಎಲ್ಲ ಹೊಳೆಯಿತು. ಅವಳ ಮೌನ, ಅಂಡರ್‌ಪಾಸಿನಲ್ಲಿ ಅವಳ ಹೆದರಿಕೆ, ಈಗ ಆಡಿದ ಏಟಿನ ಮಾತು. ಎದ್ದು ನಿಂತ.

"ಮೇಡಂ, ನಂದೂ ಒಂದು ಪ್ರಶ್ನಿ ಅದ. ದೇವೀರಮ್ಮನ್ನ ಕೇಳೂದು."

ಮೇಡಂ ತಲೆಯಾಡಿಸಿದರು.

"ಏಟು ಬಿದ್ದದ್ದು ದೋಣಿಯವಗ. ಅವಗ ಬ್ಯಾಸರ ಅದನೋ ಇಲ್ಲೋ ಅಂತ ಅವನ್ನ ಕೇಳಿದ್ರೇನು ನೀವು? ನೀವ ಎಲ್ಲಾ ನಿಶ್ಚೆ ಮಾಡಿಬಿಟ್ರಿ."

ಅಪ್ಪನನ್ನು ಅವಳು ಯಾವತ್ತೂ ಅದನ್ನು ಕೇಳಿರಲಿಲ್ಲ. ಆ ಕೈಯಿಂದಲೇ ಅಪ್ಪ ದಿನಾ ಅಮ್ಮನ ಮುಡಿಗೆ ಹೂವು ಮುಡಿಸುತ್ತಾರೆ. ನಡುಗಿ ನಡುಗಿ ಎರಡು ಮೂರು ಸಲ ಬೀಳಿಸಿ, ಇಬ್ಬರೂ ನಗುತ್ತಾರೆ. ಅದನ್ನು ನೋಡಿಯೂ ಅವಳು ಬರೀ ಹೆದರಿಕೆಯನ್ನೇ ನೋಡಿದ್ದಳು.

*

ಕ್ಲಾಸು ಬಿಟ್ಟ ಮೇಲೆ ಬೇಕರಿಯ ಮೆಟ್ಟಿಲ ಕೆಳಗೆ ಅವಳೇ ಅವನಿಗಾಗಿ ಕಾದು ನಿಂತಳು. ಅವನು ದೂರದಲ್ಲೇ ನಿಂತ.

ಎಲ್ಲ ಹೇಳಿಬಿಟ್ಟಳು. ಊರು, ಕೇರಿ, ಮುರಿದ ಬಾಗಿಲು, ಚಿಕ್ಕ ಮಾವ ಹೇಳಿ ಕಳಿಸಿದ ಮಾತು, ಎಲ್ಲ. ಕೊನೆಗೆ ತಲೆ ತಗ್ಗಿಸಿದಳು.

"ನಾನು ನಿಜವಾಗ್ಲೂ ಬೆರಕೇನೇ."

"ಇರ್ರಿ. ಬೆರಕೀನೂ ಇರ್ರಿ, ಬೆರಕೇನೂ ಇರ್ರಿ. ನನಗ ಎರಡೂ ಛಲೋನ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಅವನು ನಗಲಿಲ್ಲ. ಮೊದಲನೇ ದಿನ ನೀವು ಆ ಹಾಳಿ ಮ್ಯಾಲ ಬಗ್ಗಿದಾಗಿಂದ ನನ್ನ ಮನಸು ನನ್ನ ಕೈಯಾಗಿಲ್ಲ ಎಂದು, ಮಾತು ಹುಡುಕಿ ಹುಡುಕಿ ಹೇಳಿದ. ನನ್ನ ಮಾತು ನಿಮಗ ನಗಿ ತರಿಸ್ತದ ಅಂತ ಸುಮ್ಮನಿದ್ದೆ ಎಂದ. ಊರಲ್ಲಿ ಅವ್ವ ಇದ್ದಾಳೆ, ಅವಳೂ ಮೊದಲು ಸಿಟ್ಟಾಗಬಹುದು, ಅದನ್ನು ಮುಚ್ಚಿಡುವುದಿಲ್ಲ ಎಂದೂ ಸೇರಿಸಿದ.

"ಅವ್ರು ಬರ್ತಾರೆ" ಎಂದಳು ಅವಳು. "ಬಂದೇ ಬರ್ತಾರೆ. ನಿಮ್ಮನ್ನ ಹೊಡೀತಾರೆ. ನಂಗೆ ಅದನ್ನ ಇನ್ನೊಂದ್ಸಲ ನೋಡಕ್ಕಾಗಲ್ಲ."

"ಹೆದರಿಕಿ ನನಗೂ ಅದ. ಇಲ್ಲಂದ್ರ ಸುಳ್ಳ ಆಗ್ತದ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳೂದಿದ್ರ ಹೇಳೋಣು, ಮೇಡಮ್ಮೋರನೂ ಕರಕೊಂಡು. ಆದ್ರ ನೀವೊಬ್ಬರ ಹೆದರಕೋತ ಕೂಡೂದು ಬ್ಯಾಡ. ನಿಮಗ ನಾ ಬ್ಯಾಡಾಗಿದ್ರ ಹೇಳ್ರಿ, ಹೋಗ್ತೀನಿ. ಅವರ ಸಲುವಾಗಿ ಬ್ಯಾಡಂದ್ರ ಮಾತ್ರ ನಾ ಒಪ್ಪಂಗಿಲ್ಲ."

ಬೇಡ ಅನ್ನಲು ಅವಳು ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಎಲ್ಲಿ ಹುಡುಕಿದರೂ ಅವಳೊಳಗೆ ಆ ಮಾತೇ ಇರಲಿಲ್ಲ.

"ನಮ್ಮಪ್ಪನ್ನ ಕೇಳ್ತೀರಾ?" ಎಂದಳು. "ಇವತ್ತೇ. ನಾಳೆ ಅಂದ್ರೆ ನಂಗೆ ಧೈರ್ಯ ಇರಲ್ಲ."

ಹೊರಮಾವಿನ ಕಡೆಯ ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ಅವನು ಹಿಂದಿನ ಬಾಗಿಲಲ್ಲಿ. ಹೆಂಗಸರ ಸೀಟುಗಳು ಖಾಲಿಯಿದ್ದವು. ಅವಳು ಕೂರಲಿಲ್ಲ. ಕಂಬಿ ಹಿಡಿದುಕೊಂಡು, ಓಲಾಡುತ್ತ, ಕಂಡಕ್ಟರನ್ನು ದಾಟಿ ಹಿಂದಕ್ಕೆ ನಡೆದಳು. ನಾಲ್ಕಾರು ತಲೆ ತಿರುಗಿದವು.

ಭೀಮಾಶಂಕರ ಗಾಬರಿಯಿಂದ ಸರಿದು ಜಾಗ ಕೊಟ್ಟ. ಅವಳು ಅವನ ಪಕ್ಕದಲ್ಲಿ ಕುಳಿತಳು.



"ನಿಮ್ಮಪ್ಪಗ ಏನಂತ ಕರೀಲ್ರಿ?" ಎಂದು ಅವನು ಪಿಸುಗುಟ್ಟಿದ. "ಸಾರ್ ಅಂದ್ರ ಛಲೋ ಏನು?"

"ಸಾರ್ ಅಂದ್ರೆ ಇನ್ಶೂರೆನ್ಸ್‌ನವ್ರು ಅಂದ್ಕೋತಾರೆ."

"ಮತ್ತೇನನ್ಲಿ?"

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಕೆನ್ನೆ ಬಿಸಿಯಾಗಿತ್ತು.

"ಮಾವ ಅನ್ನಿ" ಎಂದಳು ಮೆಲ್ಲಗೆ. "ಆ ಮಾತು ಕೇಳಿದ್ರೆ ನಂಗೆ ಹೆದರಿಕೆ ಆಗ್ತಿತ್ತು. ನೀವು ಅಂದ್ರೆ ಹೋಗುತ್ತೇನೋ ನೋಡೋಣ."