ಅಳಿಸದೆ ಬಿಟ್ಟ ನೆನಪು

"ವೆಬ್‌ಸೈಟು ಕನ್ನಡದಲ್ಲಿ ತೆರೀತಿಲ್ಲ. ತಪ್ಪು ಇವರದೇ."

ಅಷ್ಟು ಜನರ ಮುಂದೆ, ಗೋಡೆಯ ದೊಡ್ಡ ಪರದೆ ತೋರಿಸುತ್ತಾ ಅವಳು ಹೇಳಿಬಿಟ್ಟಳು. ಹೇಳಿದ ಮೇಲೆಯೇ ಅವನತ್ತ ನೋಡಿದ್ದು. ಅವನು ಪರದೆ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

ಅದು ಆಸ್ಪತ್ರೆಯೊಂದರ ವೆಬ್‌ಸೈಟು. ಕಟ್ಟಿದವನು ಅವನು, ಪರೀಕ್ಷಿಸುವವಳು ಅವಳು. ರೋಗಿಯ ಬ್ರೌಸರಿನಲ್ಲಿ ಯಾವ ಭಾಷೆ ಇದೆಯೋ ಪುಟವೂ ಅದೇ ಭಾಷೆಯಲ್ಲಿ ತೆರೆದುಕೊಳ್ಳಬೇಕು. ಅವಳು ಸೆಟ್ಟಿಂಗಿನಲ್ಲಿ ಕನ್ನಡ ಆರಿಸಿ ಪುಟವನ್ನು ಮತ್ತೆ ತೆರೆದಿದ್ದಳು. ಜಪ್ಪಯ್ಯ ಅಂದರೂ ಇಂಗ್ಲಿಷೇ!

ತನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತಿದೆ ಎಂದು ಅವನು ಮೆಲ್ಲಗೆ ಹೇಳಿದ. ಹಾಗಾದರೆ ರೋಗಿಗಳೆಲ್ಲ ನಿಮ್ಮ ಮೇಜಿನ ಮುಂದೆ ಸಾಲು ನಿಲ್ಲಲಿ ಎಂದು ಅವಳು ಕುಟುಕಿದಳು. ಯಾರೋ ಕಿಸಕ್ಕೆಂದರು. ಮುಖ್ಯಸ್ಥೆ ನಗಲಿಲ್ಲ. ಸಂಜೆ ಆಸ್ಪತ್ರೆಯವರು ಬರುವಷ್ಟರಲ್ಲಿ ಇದು ಸರಿಯಾಗದಿದ್ದರೆ ಅವನನ್ನು ದೂರದ ಶಾಖೆಗೆ ಕಳಿಸುವುದಾಗಿ ಹೇಳಿ ಎದ್ದರು.

ಬಾಗಿಲ ಬಳಿ ಅವನು ನಿಂತ. "ಮೊದಲು ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಅಯ್ಯೋ, ಕೇಳಬಹುದಿತ್ತು! ದಿನಾ ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ, ಅವನ ಅಕ್ಕನ ಮಗು ಹಲ್ಲು ಬಿದ್ದಾಗ ಅತ್ತದ್ದೂ ಇವಳಿಗೆ ಗೊತ್ತು. ಆದರೆ ಎಲುಬಿಲ್ಲದ ನಾಲಿಗೆಗಳು ಕಚೇರಿಯ ತುಂಬ ಇದ್ದವು. ಇವಳು ಅವನ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತಾಳೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಅದಕ್ಕೇ ಈ ಬಿಗುಮಾನ. ಪ್ರೀತಿಯನ್ನು ಮುಚ್ಚಿಡಲು ಹೋಗಿ ಪ್ರೀತಿಸಿದವನ ಮಾನ ತೆಗೆದಿದ್ದಳು ಮಹರಾಯ್ತಿ!

ಮನಸ್ಸು ತಡೆಯದೆ ಪಕ್ಕದ ಮೇಜಿನ ಗೆಳತಿಯ ಕಂಪ್ಯೂಟರಿನಲ್ಲಿ ಭಾಷೆ ಬದಲಿಸಿ ನೋಡಿದಳು. ಥಟ್ಟನೆ ಕನ್ನಡ ಬಂತು.

ಆಗ ಹೊಳೆಯಿತು. ಬೆಳಿಗ್ಗೆ ಎರಡು ಭಾಷೆ ಹೋಲಿಸಿ ನೋಡಲೆಂದು ಪುಟದ ಮೂಲೆಯ ಇಂಗ್ಲಿಷ್ ಗುಂಡಿ ಒತ್ತಿದ್ದು ತಾನೇ! ಕೈಯಾರೆ ಆರಿಸಿದ ಭಾಷೆಯನ್ನು ಸೈಟು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಸೆಟ್ಟಿಂಗು ಏನೇ ಹೇಳಿದರೂ ಕೇಳುವುದಿಲ್ಲ. ಅದು ತಪ್ಪಲ್ಲ, ಹಾಗೇ ಇರಬೇಕು. ಬ್ರೌಸರಿನಲ್ಲಿ ಉಳಿದ ಹಳೆಯ ನೆನಪು ಅಳಿಸದೆ ಪರೀಕ್ಷೆ ಮಾಡಬೇಡಿ ಎಂದು ಹೊಸಬರಿಗೆ ಪಾಠ ಹೇಳುವವಳೂ ಇವಳೇ.

ಈಗಷ್ಟೇ ಅವನು ಸರಿಮಾಡಿದ ಅಂದುಬಿಡು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದಳು ಗೆಳತಿ. ಮುಂದಿನ ತಿಂಗಳು ಪರೀಕ್ಷಾ ತಂಡದ ಮೇಲ್ವಿಚಾರಕಿ ಆಗಬೇಕಾದವಳು ನೀನು ಎಂದೂ ನೆನಪಿಸಿದಳು.

ಹೌದಲ್ಲ... ಒಂದು ಸಣ್ಣ ಸುಳ್ಳು. ಯಾರಿಗೂ ಗೊತ್ತಾಗದು. ಆದರೆ ಮಾಡದ ತಪ್ಪು ಅವನ ತಲೆಯ ಮೇಲೆಯೇ ಉಳಿಯುತ್ತದೆ!

ಅವಳು ನೆಟ್ಟಗೆ ಸಭೆಯ ಕೋಣೆಗೆ ನಡೆದಳು. ಆಸ್ಪತ್ರೆಯವರು ಆಗಲೇ ಕೂತಿದ್ದರು. ಮೂಲೆಯಲ್ಲಿ ಅವನು ತಲೆತಗ್ಗಿಸಿದ್ದ. ಎಲ್ಲರೆದುರು ಹಳೆಯ ನೆನಪು ಅಳಿಸಿ ಪುಟ ತೆರೆದಳು. ಪರದೆಯ ತುಂಬ ಕನ್ನಡ.

"ತಪ್ಪು ನನ್ನದು. ಇವರು ಮಾಡಿದ್ದು ಮೊದಲಿಂದಲೂ ಸರಿಯಾಗೇ ಇತ್ತು."

ಅವನು ಇಲ್ಲೇ ಇರುತ್ತಾನೆ ಎಂದರು ಮುಖ್ಯಸ್ಥೆ. ಇವಳ ಬಡ್ತಿಯ ಮಾತು ಸದ್ಯಕ್ಕೆ ಬೇಡ ಎಂದೂ ಸೇರಿಸಿದರು.

ಮೆಟ್ಟಿಲ ಬಳಿ ಅವನು ಹಿಂದೆಯೇ ಬಂದ. ಅವಳು ತಿರುಗಲಿಲ್ಲ. ಕಣ್ಣು ತುಂಬಿತ್ತು.

"ಬಡ್ತಿ ಹೋಯ್ತಲ್ಲ. ಯಾಕೆ ಹೇಳಿದ್ರಿ?"

"ನನ್ನ ತಪ್ಪು ನಿಮ್ಮ ತಲೆ ಮೇಲೆ ಹಾಕಿ ಆ ಬಡ್ತಿ ಇಟ್ಕೊಂಡು ಏನ್ ಮಾಡಲಿ?"

ಅವನು ಒಂದು ಮೆಟ್ಟಿಲು ಇಳಿದು ಅವಳೆದುರು ಬಂದ. ಆಮೇಲೆ ಮೆಲ್ಲಗೆ, "ಮತ್ತೆ ಬೆಳಿಗ್ಗೆ ಯಾಕೆ ಅಷ್ಟು ಒರಟು?"

"ನಿಮ್ಮನ್ನ ಕಂಡ್ರೆ ನಂಗೆ ಇಷ್ಟ ಅಂತ ಇಡೀ ಆಫೀಸಿಗೆ ಗೊತ್ತು. ಅದಕ್ಕೇ ಹೆದರಿದೆ."

"ಇಡೀ ಆಫೀಸಿಗೆ ಗೊತ್ತಾ..." ಅವನು ತಲೆ ಕೆರೆದುಕೊಂಡ. "ನನಗೆ ಮಾತ್ರ ಯಾರೂ ಹೇಳಲೇ ಇಲ್ಲ."

"ಈಗ ಹೇಳಿದೆನಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.